ಅರ್ಧ ಅಕ್ಕಿಕಾಳಿನಷ್ಟು ಉದ್ದ

ಅಣ್ಣಾ,

ನೀನು ಓದುತ್ತೀ ಎಂದುಕೊಂಡೇ ಬರೆಯುತ್ತಿದ್ದೇನೆ. ಓದುವುದಿಲ್ಲ ಎಂದುಕೊಂಡರೆ ಕೈ ಮುಂದೆ ಹೋಗುವುದಿಲ್ಲ. ನೀನು ಹೋದ ಮೇಲೆ ನಿನ್ನ ಮನೆಯಲ್ಲಿ ಒಂದು ಮಧ್ಯಾಹ್ನ ಏನು ನಡೆಯಿತೆಂದು ನಿನಗೆ ಗೊತ್ತಿಲ್ಲ. ಹೇಳಬೇಕಾದವನು ನಾನು. ಇಷ್ಟು ದಿನ ಸುಮ್ಮನಿದ್ದೆ, ಏಕೆಂದರೆ ಅದರ ಕೊನೆಯ ತುಂಡು ನನಗೂ ಗೊತ್ತಿರಲಿಲ್ಲ. ಹೋದ ತಿಂಗಳು ಗೊತ್ತಾಯಿತು.

ಶಿಕಾಗೋ ಪಕ್ಕದ ವೆಸ್ಟ್‌ಮಂಟಿನ ನಿನ್ನ ಬೇಸ್‌ಮೆಂಟಿನಲ್ಲಿ ಮೊದಲ ಸಲ ನೀನು ನನ್ನ ಕೈಗೆ ದಪ್ಪ ಅಳೆಯುವ ಕ್ಯಾಲಿಪರ್ ಕೊಟ್ಟದ್ದು ನೆನಪಾಗುತ್ತದೆ. ಗಾಜಿನ ಕಪಾಟಿನಲ್ಲಿ ನೀನು ರಿವಾಲ್ವರಿನ ಕಾಡತೂಸುಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದ್ದೆ, ಮದುವೆಮನೆಯ ಗ್ರೂಪ್ ಫೋಟೋದಲ್ಲಿ ಹಾಗೆ. ಡೌನರ್ಸ್ ಗ್ರೋವಿನ ಕಾರ್ಖಾನೆಯಲ್ಲಿ ಬದುಕಿಡೀ ಲೋಹದ ತುಂಡುಗಳನ್ನು ಅಳೆದವನು ನೀನು. ಹೆಸರಿಗೂ ಅಳತೆಗೂ ತಾಳೆಯಾಗದ ವಸ್ತು ಕಂಡರೆ ನಿನಗೆ ಅದೇನೋ ಸಂಕಟ, ಅದೇನೋ ಸುಖ. "ಇದನ್ನ ಮೂವತ್ತೆಂಟು ಅಂತಾರೆ, ಪಾಯಿಂಟ್ ಥರ್ಟಿ ಏಟ್. ಗುಂಡನ್ನ ಅಳೆದು ನೋಡು" ಎಂದೆ. ನಾನು ಅಳೆದೆ. ಇಂಚಿನ ಮುನ್ನೂರೈವತ್ತೇಳು ಸಾವಿರಾಂಶ ಬಂತು. "ನೋಡಿದ್ಯಾ? ಹಿಂದೆ ಗುಂಡು ಈ ಹಿತ್ತಾಳೆ ಕೇಸಿನ ಹೊರಮೈಯಷ್ಟೇ ದಪ್ಪ ಇತ್ತು. ಆಮೇಲೆ ಕೇಸಿನ ಒಳಗೆ ಸರಿದು ತೆಳ್ಳಗಾಯ್ತು. ಹೆಸರು ಮಾತ್ರ ಹಳೇ ದಪ್ಪದ್ದೇ ಉಳೀತು." ಮೆಟ್ಟಿಲ ಮೇಲೆ ಬಟ್ಟೆ ಬುಟ್ಟಿ ಹಿಡಿದು ನಿಂತಿದ್ದ ಅತ್ತಿಗೆ, "ನಿಮ್ಮದು ಉಲ್ಟಾ. ಮೈ ದಪ್ಪ ಆಯ್ತು, ಅಂಗಡೀಲಿ ಪ್ಯಾಂಟಿನ ಸೈಜ್ ಕೇಳಿದ್ರೆ ಮದುವೆ ಕಾಲದ್ದೇ ಹೇಳ್ತೀರಿ" ಎಂದರು. ನೀನು ಅದನ್ನು ಕೇಳಿಸಿಕೊಳ್ಳದವನಂತೆ ಮುಂದಿನ ಕಾಡತೂಸು ಎತ್ತಿಕೊಂಡೆ.

ಲಿಸ್ಲ್‌ನ ಯಾರದೋ ಮನೆಯ ಯುಗಾದಿ ಪಾಟ್‌ಲಕ್ ಊಟ ಕೂಡ ನೆನಪಿದೆ. ಹೋಳಿಗೆ ತಟ್ಟೆ ಹಿಡಿದ ಐಟಿ ಹುಡುಗನೊಬ್ಬ ಸೌಜನ್ಯಕ್ಕೆ ನಿನ್ನ ಹವ್ಯಾಸದ ಬಗ್ಗೆ ಕೇಳಿ ಸಿಕ್ಕಿಹಾಕಿಕೊಂಡ. "ಬಂತು ಮ್ಯಾಗ್ನಮ್ ಪುರಾಣ" ಎಂದು ಅತ್ತಿಗೆ ತಮ್ಮ ಓರಗಿತ್ತಿ ಲತಾಳ ಕಿವಿಯಲ್ಲಿ ಹೇಳಿದರು. ನೀನು ಶುರುಮಾಡಿಯೇ ಬಿಟ್ಟಿದ್ದೆ. ಮೂವತ್ತರ ದಶಕ. ಶಿಕಾಗೋದ ಗ್ಯಾಂಗ್‌ಸ್ಟರುಗಳ ಕಾರಿನ ತಗಡನ್ನು ಪೊಲೀಸರ ಗುಂಡು ತೂರುತ್ತಿರಲಿಲ್ಲ. ಡೆಟ್ರಾಯ್ಟ್ ಕಡೆಯಿಂದ ಬಂದಿದ್ದ ನನ್ನತ್ತ ತಿರುಗಿ, "ಕಾರು ಮಾಡಿದ್ದು ಇವನ ಡೆಟ್ರಾಯ್ಟಲ್ಲಿ, ಗುಂಡು ತಿಂದದ್ದು ನಮ್ಮೂರಲ್ಲಿ" ಎಂದೆ. ಮೊದಲು ಅದೇ ಕೇಸಿಗೆ ಹೆಚ್ಚು ಬಲದ ಮದ್ದು ತುಂಬಿದರು. ಅದು ಗೊತ್ತಿಲ್ಲದೆ ಹಳೆಯ, ನಾಜೂಕಿನ ರಿವಾಲ್ವರಿಗೆ ಯಾರಾದರೂ ಹಾಕಿಕೊಂಡರೆ? ಕೈಯಲ್ಲೇ ಸಿಡಿಯಬಹುದು. ಆದ್ದರಿಂದ ಕೇಸನ್ನು ಇಂಚಿನ ಎಂಟನೇ ಒಂದು ಪಾಲು ಉದ್ದ ಮಾಡಿದರು. ಷಾಂಪೇನಿನ ದೊಡ್ಡ ಬಾಟಲಿಯ ಹೆಸರನ್ನು ಅದಕ್ಕಿಟ್ಟರು, ಮ್ಯಾಗ್ನಮ್ ಎಂದು. "ಆ ಉದ್ದ ಮದ್ದಿಗಲ್ಲಪ್ಪ. ಮದ್ದಿಗೆ ಒಳಗೆ ಬೇಕಾದಷ್ಟು ಜಾಗ ಇತ್ತು. ಹಳೇದರೊಳಗೆ ಹೋಗಬಾರದು ಅಂತ, ಅಷ್ಟೇ." ತಟ್ಟೆಯ ಅಂಚಿನಿಂದ ಚಿತ್ರಾನ್ನದ ಒಂದು ಅಕ್ಕಿಕಾಳನ್ನು ಎತ್ತಿ ಉಗುರಿನಿಂದ ಮುರಿದು ತೋರಿಸಿದೆ. ಅರ್ಧ ಅಕ್ಕಿಕಾಳಿನಷ್ಟು ಉದ್ದ. ಹುಡುಗ, "ವಾವ್ ಅಂಕಲ್, ಮೊಸರನ್ನ ತಗೊಂಡು ಬರ್ತೀನಿ" ಎಂದು ಹೋದವನು ಬರಲಿಲ್ಲ.

ಹೋದ ವರ್ಷದ ಆಯುಧಪೂಜೆಯ ಸಂಜೆ ಫೋನಿನಲ್ಲಿ ನೀನು ತಟ್ಟೆಯನ್ನು ತೋರಿಸಿದ್ದೆ. ಕಾರಿನ ಕೀ, ಸ್ಪ್ಯಾನರ್, ಕ್ಯಾಲಿಪರ್, ಖಾಲಿ ಮಾಡಿದ ಆ ಹಳೆಯ ಉದ್ದ ನಳಿಗೆಯ ರಿವಾಲ್ವರ್. ಮಣಿಕಟ್ಟು ನೋವು ಬಂದ ಮೇಲೆ ನೀನು ಮ್ಯಾಗ್ನಮ್ ರಿವಾಲ್ವರನ್ನು ಮಾರಿದ್ದೆ, ಅದರ ಕಾಡತೂಸಿನ ಡಬ್ಬಿ ಒಂದು ಉಳಿದಿತ್ತು. ಹಾಗಾಗಿ ರಿವಾಲ್ವರ್ ಒಂದು, ಡಬ್ಬಿ ಎರಡು: ಅದಕ್ಕೆ ಸರಿಹೊಂದುವ ಚಿಕ್ಕವು, ಹೊಂದದ ಉದ್ದವು. ಎಲ್ಲಕ್ಕೂ ಅರಿಶಿನ, ಕುಂಕುಮ, ಚೆಂಡುಹೂವು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ಪೂಜೆ ಆಗುವವರೆಗೆ ಮುಟ್ಟಬಾರದು ಎಂದು ಕಾರನ್ನೂ ತೆಗೆಯದೆ ಅವತ್ತು ತರಕಾರಿಗೆ ನಡೆದೇ ಹೋಗಿದ್ದೆಯಂತೆ. ಮಾರನೆಯ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಎದೆ ಹಿಡಿದುಕೊಂಡೆ. ತಟ್ಟೆ ಹಾಗೇ ಇತ್ತು.

ಕರ್ಮವೆಲ್ಲ ಮುಗಿದ ಮೇಲೆ ಅತ್ತಿಗೆ ಆ ತಟ್ಟೆಯನ್ನು ತಾವೇ ಎತ್ತಿಟ್ಟರು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ, ಸಹಾಯ ಬೇಡವೆಂದರು. ರಿವಾಲ್ವರಿನ ಜೊತೆ ಕಬ್ಬಿಣದ ಪೆಟ್ಟಿಗೆಗೆ ಹೋದದ್ದು ಉದ್ದ ಕಾಡತೂಸಿನ ಡಬ್ಬಿ. ಚಿಕ್ಕದು ಗಾಜಿನ ಕಪಾಟಿಗೆ ಹೋಯಿತು. ಅದಲುಬದಲು. ದುಃಖದಲ್ಲಿ ಕೈ ತಪ್ಪಿದೆ ಅಂದುಕೊಂಡೆ. ಉದ್ದ ನಳಿಗೆಗೆ ಉದ್ದದ್ದೇ ಎಂದು ಎಣಿಸಿರಬೇಕು. ಇನ್ನು ಯಾರು ಅದನ್ನು ಮುಟ್ಟುತ್ತಾರೆ...

ಫೆಬ್ರವರಿಯ ಆ ಭಾನುವಾರ ಮಧ್ಯಾಹ್ನ ನಾನು ಇಲ್ಲಿ ಡೆಟ್ರಾಯ್ಟ್ ಹತ್ತಿರದ ನೋವೈಯಲ್ಲಿ ಡ್ರೈವ್‌ವೇಯ ಹಿಮ ತೆಗೆದು ಒಳಗೆ ಬಂದಿದ್ದೆ. ಕೈಗವಸು ಇನ್ನೂ ಕೈಯಲ್ಲಿತ್ತು. ಫೋನ್ ಬಂತು.

"ಪ್ರಕಾಶ, ಬಿಜಿ ಇದೀಯಾ?"

"ಇಲ್ಲ, ಹೇಳಿ ಅತ್ತಿಗೆ."

"ನಿಮ್ಮಣ್ಣನ ಈ ಗುಂಡು ಪೂರ್ತಿ ಒಳಗೆ ಕೂರ್ತಾ ಇಲ್ಲ ಕಣೋ. ಸ್ವಲ್ಪ ಆಚೆ ನಿಲ್ಲತ್ತೆ. ಮುಚ್ಚೋಕೆ ಆಗ್ತಿಲ್ಲ."

ಕುಕ್ಕರಿನ ಮುಚ್ಚಳ ಕೂರುತ್ತಿಲ್ಲ ಎನ್ನುವ ದನಿ. ಇಡೀ ಶಿಕಾಗೋ ಕನ್ನಡಿಗರಲ್ಲಿ ಈ ಮಾತಿನ ಅರ್ಥ ಪೂರ್ತಿ ತಿಳಿಯುವವನು ನೀನೊಬ್ಬನಿದ್ದೆ, ನೀನು ಇರಲಿಲ್ಲ. ನೀನು ವರ್ಷಗಟ್ಟಲೆ ಕೊರೆದು ತಯಾರು ಮಾಡಿದ ನಾನಿದ್ದೆ, ಆದರೆ ನಡುವೆ ಇಡೀ ಮಿಶಿಗನ್, ಒಂದು ತುಂಡು ಇಂಡಿಯಾನಾ. ಲತಾ ನನ್ನ ಮುಖ ನೋಡಿದಳು. ಅವಳಿಗೆ ಫೋನಿನ ಸ್ಪೀಕರಿನಲ್ಲಿ ಎಲ್ಲ ಕೇಳುತ್ತಿತ್ತು. ತನ್ನ ಫೋನ್ ಹಿಡಿದು ಗ್ಯಾರೇಜಿಗೆ ಓಡಿದಳು. ಪೊಲೀಸರಿಗೆ ಮಾಡಿದಳು, ಆಮೇಲೆ ಅತ್ತಿಗೆಯ ವಾಕಿಂಗ್ ಗೆಳತಿ, ಎರಡು ಮನೆ ಆಚೆಯ ಧಾರವಾಡದ ಕುಸುಮಾ ಆಂಟಿಗೆ. ಅಷ್ಟು ಹೊತ್ತು ನಾನು ಮಾತಾಡುತ್ತಿರಬೇಕಿತ್ತು. ಏನು ಮಾತಾಡುತ್ತಾರೆ ಅಣ್ಣಾ, ಅಂಥ ಹೊತ್ತಿನಲ್ಲಿ? ಬದುಕು ದೊಡ್ಡದು ಎಂದೇ? ನನಗೇ ನಂಬಿಕೆಯಿಲ್ಲದ್ದನ್ನು ನನ್ನ ದನಿ ಹೇಗೆ ಹೇಳುತ್ತಿತ್ತು?

"ಇದಕ್ಕೆ ಸರಿಹೋಗೋದು ಯಾವುದು?" ಅತ್ತಿಗೆ ಕೇಳಿದರು.

"ಅದು ದೊಡ್ಡ ಕತೆ ಅತ್ತಿಗೆ. ಮೊದಲಿಂದ ಹೇಳಬೇಕು. ಅದನ್ನ ಕೆಳಗಿಟ್ಟು ಕೂತ್ಕೊಳ್ಳಿ, ಹೇಳ್ತೀನಿ."

ನಿನ್ನ ಪುರಾಣವನ್ನು ಶುರುಮಾಡಿದೆ. ಹೆಸರು ಮೂವತ್ತೆಂಟು, ಅಳತೆ ಬೇರೆ. ಗುಂಡು ಕೇಸಿನ ಒಳಗೆ ಸರಿದದ್ದು. ಗ್ಯಾಂಗ್‌ಸ್ಟರ್, ಕಾರಿನ ತಗಡು. ಇದನ್ನು ಹೇಳುವಾಗ ಪುರಾಣದ ನಡುವೆ ಒಂದು ಕಡೆ ಕಾಲಿಡುವಂತಿರಲಿಲ್ಲ: ಚಿಕ್ಕ ಕಾಡತೂಸೇ ಈ ರಿವಾಲ್ವರಿನದು, ಅದು ಅತ್ತಿಗೆ ಕೂತಲ್ಲಿಂದ ಕೈ ಚಾಚಿದರೆ ಸಿಗುವ ಗಾಜಿನ ಕಪಾಟಿನಲ್ಲಿದೆ. ಕತ್ತಲೆಯಲ್ಲಿ ಒಂದು ಮೆಟ್ಟಿಲು ಇಲ್ಲದ ಏಣಿ ಇಳಿದ ಹಾಗೆ ಇಳಿದೆ. ಉದ್ದ ಯಾಕೆ ಮಾಡಿದರು ಎಂದು ಹೇಳಿದರೆ, ಹಾಗಾದರೆ ಚಿಕ್ಕದೆಲ್ಲಿ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ ನೆಗೆದು ಇನ್ನೂ ದಪ್ಪದ ಗುಂಡು, ನಲವತ್ನಾಲ್ಕಕ್ಕೆ ಹೋದೆ.

"ನಲವತ್ನಾಲ್ಕಂತೆ, ಅದೂ ಸುಳ್ಳು ಹೆಸರೇ ಅತ್ತಿಗೆ. ಅಳೆದರೆ ನಲವತ್ಮೂರೂ ಇಲ್ಲ. ಅದಕ್ಕೂ ಕೇಸು ಉದ್ದ ಮಾಡಿ, ಬ್ರಾಂದಿ ಬಾಟಲಿ ಹೆಸರು..."

"ಷಾಂಪೇನು."

"ಏನು?"

"ಬ್ರಾಂದಿ ಅಲ್ಲ, ಷಾಂಪೇನ್ ಬಾಟಲಿ. ಮೊದಲು ಇಂಗ್ಲೆಂಡಿನವರು ಅವರ ರೈಫಲ್ ಗುಂಡಿಗೆ ಇಟ್ಟಿದ್ದು ಆ ಹೆಸರು. ಇವರು ಆಮೇಲೆ ಎತ್ಕೊಂಡ್ರು."

"ಹೌದು ಹೌದು. ಆಮೇಲೆ ಎಂಬತ್ತರ ದಶಕದಲ್ಲಿ ಆ ಮೊದಲಿನ ಮ್ಯಾಗ್ನಮನ್ನೇ ಇನ್ನೂ ಉದ್ದ ಮಾಡಿದ್ರು. ಮ್ಯಾಗ್ನಮ್‌ಗಿಂತ ದೊಡ್ಡದಕ್ಕೆ ಇನ್ನೇನು ಹೆಸರಿಡೋದು, ಹೇಳಿ ನೋಡೋಣ."

"ಮ್ಯಾಕ್ಸಿಮಮ್ಮು."

"ಅದು ಏನಾಯ್ತು?"

ಆ ಕಡೆಯಿಂದ ಫ್ರಿಜ್ಜಿನ ಸದ್ದೋ ಹೀಟರಿನ ಸದ್ದೋ ಕೇಳುತ್ತಿತ್ತು. ನನ್ನ ಕೈಗವಸಿನ ಹಿಮ ಕರಗಿ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಯಾವ ದೇವರನ್ನೂ ಕರೆಯುವವನಲ್ಲ, ನಿನಗೆ ಗೊತ್ತು. ಅವತ್ತು ನಿನ್ನನ್ನು ಕರೆದೆ.

"ಬಿಸಿ ತಾಳಲಿಲ್ಲ" ಎಂದರು ಕೊನೆಗೆ. "ಬಂದೂಕೇ ಸುಟ್ಕೊಳ್ತಿತ್ತಂತೆ. ಮಾಡೋದನ್ನ ನಿಲ್ಲಿಸಿಬಿಟ್ರು."

"ನಿಲ್ಲಿಸಿಬಿಟ್ರು."

"ಹೂಂ. ಯಾರೋ ಬೆಲ್ ಮಾಡ್ತಿದಾರೆ ಪ್ರಕಾಶ."

ದೂರದಿಂದ ಕುಸುಮಾ ಆಂಟಿಯ ದನಿ ಕೇಳಿತು. ಪೊಲೀಸರು ಹಿಂದೆ ಸರಿಯಿರಿ ಎಂದರೂ ಕೇಳದೆ ಹಿಮದಲ್ಲಿ ನಿಂತು ಕೂಗುತ್ತಿದ್ದರಂತೆ. "ಪದ್ಮಕ್ಕಾ, ಬಾಗಲಾ ತಗೀ. ಕೈಯಾಗಿಂದು ಅಲ್ಲೇ ಇಟ್ಟು ಬರೇ ಕೈಲೆ ಬಾ. ನಾ ಇಲ್ಲೇ ನಿಂತೀನಿ, ಎಲ್ಲೂ ಹೋಗಂಗಿಲ್ಲ. ಥಂಡಿಗೆ ಸಾಯಾಕತ್ತೀನಿ, ಲಗೂನ ಬಾ."

ಅತ್ತಿಗೆ ಹೋದರು. ಬರಿಗೈಯಲ್ಲಿ ಹೋದರು.

ಆಮೇಲಿನದು ಐ-94 ಹೆದ್ದಾರಿಯ ಉದ್ದಕ್ಕೂ ಲತಾ ಕಾರು ಓಡಿಸಿದ್ದು, ನಾನು ಪಕ್ಕದಲ್ಲಿ ಕೂತು ಎಕ್ಸಿಟ್ ಬೋರ್ಡುಗಳನ್ನು ಓದಿದ್ದು. ರಿವಾಲ್ವರನ್ನೂ ಎರಡು ಡಬ್ಬಿಗಳನ್ನೂ ಕಪಾಟಿನಲ್ಲಿದ್ದವನ್ನೂ ಪೊಲೀಸರು ತೆಗೆದುಕೊಂಡು ಹೋದರು. ನಿನ್ನ ಸಂಗ್ರಹ ಈಗ ಇಲ್ಲ, ಬೇಸರ ಮಾಡಿಕೊಳ್ಳಬೇಡ. ಅತ್ತಿಗೆ ಆಸ್ಪತ್ರೆಯಲ್ಲಿದ್ದರು, ಆಮೇಲೆ ಬೇಸಿಗೆಯವರೆಗೆ ನಮ್ಮಲ್ಲಿದ್ದರು. ಈಗ ವೆಸ್ಟ್‌ಮಂಟಿನಲ್ಲೇ ಇದ್ದಾರೆ. ಡಾಕ್ಟರ ಬಳಿ ಹೋಗುತ್ತಾರೆ, ಮಾತ್ರೆ ತೆಗೆದುಕೊಳ್ಳುತ್ತಾರೆ, ಕುಸುಮಾ ಆಂಟಿಯ ಜೊತೆ ನಡೆಯುತ್ತಾರೆ. ಕೆಲವು ದಿನ ಎದ್ದು ಕೂರುವುದೂ ಇಲ್ಲವಂತೆ.

ಈ ತಿಂಗಳುಗಳಲ್ಲಿ ನಾನು ಹೇಗಿದ್ದೆ ಎಂದು ಕೇಳಬೇಡ. ಒಂದೇ ಒಂದು ವಿಷಯವನ್ನು ಕಚ್ಚಿ ಹಿಡಿದಿದ್ದೆ. ಯಾವುದೋ ವರ್ಕ್‌ಶಾಪಿನಲ್ಲಿ ಯಾರೋ ಗುಂಡು ಮಾಡುವವರು, ಯಾರದೋ ಕೈ ಉಳಿಯಲಿ ಎಂದು ಹಿತ್ತಾಳೆಯ ಕೇಸನ್ನು ಅರ್ಧ ಅಕ್ಕಿಕಾಳಿನಷ್ಟು ಉದ್ದ ಮಾಡಿದರು. ಎತ್ತಿಡುವಾಗ ಅತ್ತಿಗೆಯ ಕೈ ತಪ್ಪಿತು. ಈ ಎರಡು ಸೇರಿ ಅತ್ತಿಗೆ ಉಳಿದರು. ಇಷ್ಟೇ ಆದರೆ ಮನುಷ್ಯ ಯಾವುದನ್ನು ನಂಬಬೇಕು? ಕೈತಪ್ಪನ್ನೇ? ಇನ್ನೊಂದು ಸಲ ಕೈ ತಪ್ಪದಿದ್ದರೆ? ಫೋನು ಅಲುಗಿದರೆ ಸಾಕು, ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಿದ್ದೆ. ಮೀಟಿಂಗಿನ ನಡುವೆ ಎದ್ದು ಹೋಗಿ ಅತ್ತಿಗೆಗೆ ಫೋನ್ ಮಾಡಿ, ಸಾರಿಗೆ ಏನು ಹಾಕುತ್ತೀರಿ ಎಂದು ಕೇಳಿದ್ದೇನೆ.

ಹೋದ ತಿಂಗಳು ಆಯುಧಪೂಜೆಗೆ ನಾವಿಬ್ಬರೂ ನಿನ್ನ ಮನೆಗೆ ಹೋಗಿದ್ದೆವು. ತಟ್ಟೆಯಲ್ಲಿ ಕಾರಿನ ಕೀ, ಹೊಲಿಗೆಯ ಕತ್ತರಿ, ನಿನ್ನ ಕ್ಯಾಲಿಪರ್. ಅತ್ತಿಗೆ ಕ್ಯಾಲಿಪರಿಗೆ ಕುಂಕುಮ ಇಟ್ಟರು, ಹೂವು ಜಾರದಂತೆ ಅದರ ಬಾಯಿಗೇ ಸಿಕ್ಕಿಸಿದರು. ಲತಾ ಒಲೆಯ ಹತ್ತಿರ ಹೋಗಿದ್ದಳು.

"ಪ್ರಕಾಶ, ಅವತ್ತು ಫೋನಲ್ಲಿ ಒಂದು ವಿಷಯ ಹಾರಿಸಿಬಿಟ್ಟೆ ನೀನು."

"ಯಾವುದು ಅತ್ತಿಗೆ?"

"ಚಿಕ್ಕದು. ಗಾಜಿನ ಕಪಾಟಲ್ಲಿತ್ತಲ್ಲ, ಅದೇ ಅದಕ್ಕೆ ಸರಿಹೋಗೋದು."

ನಾನು ಒಲೆಯ ಕಡೆ ನೋಡಿ ದನಿ ತಗ್ಗಿಸಿದೆ.

"ನಿಮಗೆ... ಯಾವಾಗ ಗೊತ್ತಾಯ್ತು?"

"ಅಯ್ಯೋ, ಅದನ್ನ ಎಷ್ಟು ವರ್ಷ ಕೇಳಿದೀನೋ. ಎತ್ತಿಟ್ಟವಳು ನಾನೇ ಅಲ್ವಾ? ಅವರು ಹೋದ ದಿನದಿಂದ ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಅದಕ್ಕೇ ಉದ್ದದ್ದನ್ನ ಅದರ ಜೊತೆ ಇಟ್ಟೆ. ಒಂದು ದಿನ ಏನಾದ್ರೂ ತಲೆಗೆ ಬಂದ್ರೆ ಅಲ್ಲಿ ಒಂದು ಸಲ ನಿಲ್ಲಬೇಕಾಗತ್ತಲ್ಲ. ನಿಂತಾಗ ಯಾರಿಗಾದ್ರೂ ಫೋನ್ ಮಾಡ್ತೀನೇನೋ ಅಂತ."

"ಮಾಡಿದ್ರಿ."

"ಮಾಡ್ದೆ." ಕೈಗಂಟಿದ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡರು. "ನೀನು ಅವರ ಹಾಗೇ ಶುರುಮಾಡ್ದೆ. ನಡುನಡುವೆ ತಪ್ಪು ಬೇರೆ. ತಿದ್ದದೇ ಇರೋಕೆ ಆಗಲಿಲ್ಲ ನೋಡು."

ನಿನಗೆ ಹೇಳಬೇಕಾದ ಸುದ್ದಿ ಇದು, ಅಣ್ಣಾ. ನಿನ್ನ ಪುರಾಣವನ್ನು ಯಾರೂ ಕೇಳುವುದಿಲ್ಲ ಎಂದು ನೀನು ಸಪ್ಪೆ ಮುಖ ಮಾಡಿಕೊಂಡು ಕಪಾಟು ಮುಚ್ಚುತ್ತಿದ್ದೆಯಲ್ಲ, ಮೆಟ್ಟಿಲ ಮೇಲೆ ಬಟ್ಟೆ ಬುಟ್ಟಿ ಹಿಡಿದು ನಿಂತವರು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದರು. ಆ ಉದ್ದ ಯಾಕೆ ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಅರ್ಥವಾಗಿತ್ತು.

ಈಗ ಪ್ರತಿ ಭಾನುವಾರ ಮಧ್ಯಾಹ್ನ ಫೋನ್ ಮಾಡುತ್ತೇನೆ. ಹವಾಮಾನ, ಸಾರು, ಕುಸುಮಾ ಆಂಟಿಯ ಮಂಡಿನೋವು ಮುಗಿದ ಮೇಲೆ ಪುರಾಣದಿಂದ ಒಂದು ತುಂಡು ಹೇಳುತ್ತೇನೆ, ಬೇಕೆಂದೇ ಎಲ್ಲೋ ಒಂದು ಕಡೆ ತಪ್ಪಾಗಿ. ಅವರು ತಿದ್ದುತ್ತಾರೆ. ನಿನ್ನೆ ತಿದ್ದಲು ತುಂಬ ಹೊತ್ತು ಹಿಡಿಯಿತು. ನಾನು ಇಲ್ಲಿ ಕುರ್ಚಿಯ ಅಂಚನ್ನು ಹಿಡಿದು ಕಾದೆ, ಆ ಕಡೆ ಹೀಟರಿನ ಸದ್ದು ಮಾತ್ರ. ಆಮೇಲೆ, "ಅದು ಹಾಗಲ್ಲ ಕಣೋ" ಎಂದರು.

ಸರಿಯಾಗಿ ಹೇಳುವುದನ್ನು ನಾನು ಯಾವತ್ತೂ ಕಲಿಯುವುದಿಲ್ಲ, ಅಣ್ಣಾ. ನಿನ್ನಾಣೆ.

ನಿನ್ನ
ಪ್ರಕಾಶ