ಅಣ್ಣನಿಗೆ ಯಾವ ಜೀಪು

ಅಣ್ಣನಿಗೆ,

ಗುಡ್ಡದ ದಾರಿಗೆ ಯಾವ ಗಾಡಿ ಒಳ್ಳೆಯದೆಂದು ನಿನಗೆ ತಿಳಿಸಲು ಅಮ್ಮ ಹೇಳಿದಳು. ಗ್ಯಾರೇಜ್ ನಡೆಸುವವಳು ನಾನು, ಸುಳ್ಳು ಹೇಳಲಾರೆ. ಎರಡರಲ್ಲೂ ನಾಲ್ಕೂ ಚಕ್ರ ಎಳೆಯುತ್ತವೆ. ಆದರೆ ಅಪ್ಪನ ಹಳೇ ಜೀಪು ಹಗುರ, ಕೆಸರಿನಲ್ಲಿ ಸಲೀಸಾಗಿ ಹೋಗುತ್ತದೆ. ನಿನ್ನ ಹೊಸ ಗಾಡಿ ಭಾರ, ಹೊಳೆಯಲ್ಲಿ ಹೂತುಹೋಗುತ್ತದೆ.

ಹೋದ ವರ್ಷ ಅದೇ ಹೊಳೆಯಲ್ಲಿ ನನ್ನ ಗಾಡಿ ಸಿಕ್ಕಿಕೊಂಡಾಗ, "ಹೆಂಗಸರಿಗೆ ಯಾಕೆ ಬೇಕಿತ್ತು ಈ ಉಸಾಬರಿ?" ಎಂದು ನಗುತ್ತಾ ನೀನು ಮುಂದೆ ಹೋದೆ. ನಾನು ಗಾಡಿ ತಳ್ಳಲು ಹೋಗಿ ಕೈ ಮುರಿದುಕೊಂಡು, ಹದಿನಾಲ್ಕು ಮೈಲಿ ಒಬ್ಬಳೇ ನಡೆದೆ. ಆ ಕೈ ಇನ್ನೂ ಪೂರ್ತಿ ಮಡಚುವುದಿಲ್ಲ.

ಜೀಪಿಗೆ ಡೀಸೆಲ್ ತುಂಬಿಸಿ, ಕೀ ಅಮ್ಮನ ಕೈಗೆ ಕೊಟ್ಟಿದ್ದೇನೆ. ಈ ಪತ್ರವನ್ನೂ ಅವಳಿಗೆ ಓದಿ ಹೇಳಿದ್ದೇನೆ.

ನಾನು ಹುಟ್ಟಿದಾಗಿನಿಂದ ನೀನು ನನ್ನ ಮಾತನ್ನು ಕೇಳಿದವನಲ್ಲ. ಈ ಸಲವೂ ಕೇಳುವುದಿಲ್ಲ ಎಂಬ ನಂಬಿಕೆಯಿಂದ,

ನಿನ್ನ ತಂಗಿ