ನನ್ನ ಬೀದಿ, ನಿನ್ನ ಅಂಕಣ

ಭಾನುವಾರ, ಮಾರ್ಚ್ ಹದಿನಾಲ್ಕು
ಮಧ್ಯಾಹ್ನ

ಪ್ರೀತಿಯ ಶಾಯಿ,

‘ಪ್ರೀತಿಯ’ ಎಂದು ಬರೆದದ್ದು ಕೈಗೆ ಬಿದ್ದ ಅಭ್ಯಾಸ. ಹೊಡೆದುಹಾಕೋಣ ಎಂದುಕೊಂಡೆ, ಆಮೇಲೆ ಇರಲಿ ಬಿಡು ಅನ್ನಿಸಿತು. ಮೂರನೇ ಕ್ಲಾಸಿನಿಂದ ನಿನ್ನನ್ನು ಬೇರೆ ಹೆಸರಿಂದ ಕರೆದವಳಲ್ಲ ನಾನು. ಬೆರಳಿಗೆಲ್ಲ ಮಸಿ ಮೆತ್ತಿಕೊಂಡು ಬರುತ್ತಿದ್ದ ನೀನು ಶಾಯಿ, ಕಿತ್ತ ಗುಂಡಿಯ ಜಾಗಕ್ಕೆ ಸದಾ ಸೂಜಿ ಸಿಕ್ಕಿಸಿಕೊಂಡಿರುತ್ತಿದ್ದ ನಾನು ಗುಂಡುಸೂಜಿ. ನಿನ್ನ ಲೆಕ್ಕ ನೋಡಿ ನಾನು ಬರೆಯುತ್ತಿದ್ದೆ, ನನ್ನ ಪ್ರಬಂಧ ನೋಡಿ ನೀನು. ಅದನ್ನು ಆಗ ಸ್ನೇಹ ಅನ್ನುತ್ತಿದ್ದೆವು.

ಮೊನ್ನೆ ಫೋನಿನಲ್ಲಿ ನಾನು ಮಾತು ಮುಗಿಸುವ ಮೊದಲೇ ನಿನಗೆ ಇನ್ನೊಂದು ಕರೆ ಬಂತು. ಅದಕ್ಕೇ ಈ ಕಾಗದ. ಇದಕ್ಕೆ ನಡುವೆ ಯಾರೂ ಬಾಯಿ ಹಾಕುವುದಿಲ್ಲ.

ನಾಲ್ಕು ವರ್ಷದ ಹಿಂದೆ ಆ ಒಂಬತ್ತನೇ ಮಹಡಿಗೆ ಮನೆ ಬದಲಾಯಿಸಿದಾಗ ನೀನೇ ಬರೆದಿದ್ದೆ. ಕಿಟಕಿ ತೆಗೆದರೆ ಮೋಡ ಬಿಟ್ಟು ಏನೂ ಕಾಣುವುದಿಲ್ಲ, ಪಕ್ಕದ ಮನೆಯವರ ಮುಖ ಕಾಣುವುದು ಲಿಫ್ಟಿನಲ್ಲಿ ಮಾತ್ರ, ನಿನ್ನ ಬೀದಿಯಲ್ಲಿ ಏನೇನಾಗುತ್ತದೆ ಬರೆಯೇ, ಓದಿಯಾದರೂ ಬದುಕಿಕೊಳ್ಳುತ್ತೇನೆ ಎಂದು. ನನಗೆ ನಗು ಬಂತು. ನನ್ನ ಬೀದಿಯಲ್ಲಿ ಏನಾಗಬೇಕು? ಆ ತುದಿಗೆ ಬೇಕರಿ, ಈ ತುದಿಗೆ ಬಸ್ ನಿಲ್ದಾಣ, ನಡುವೆ ನನ್ನ ಹೊಲಿಗೆ ಮಿಶನ್ನು. ಆದರೂ ಬರೆದೆ. ಬರೆಯಲು ಕೂತ ಮೇಲೇ ಗೊತ್ತಾದದ್ದು, ಎಷ್ಟೊಂದು ಇದೆ ಎಂದು. ಬೇಕರಿಯವನು ಶಟರ್ ಎತ್ತುವ ಸದ್ದಿನಲ್ಲೇ ಗಂಡಹೆಂಡಿರು ಮಾತು ಬಿಟ್ಟಿದ್ದಾರೋ ಇಲ್ಲವೋ ಹೇಳಬಹುದು. ಹತ್ತಕ್ಕೆ ಮಿಶನ್ನಿನ ಮೇಲೆ ಬೀಳುವ ಬಿಸಿಲು ಹನ್ನೊಂದಕ್ಕೆ ಕತ್ತರಿಯ ತನಕ ತೆವಳಿರುತ್ತದೆ. ನಮ್ಮತ್ತೆ ಸಂಜೆ ಕೋಣೆ ಕೋಣೆಗೆ ಹೋಗಿ ಒಂದೊಂದೇ ಚಿಲಕ ಮುಟ್ಟಿ ‘ಮಲಗು’ ಎಂದು ಹೇಳಿ ಬರುತ್ತಾರೆ. ಇಪ್ಪತ್ತು ವರ್ಷ ಕಣ್ಣೆದುರೇ ಇದ್ದದ್ದು ನಿನಗೆ ಬರೆಯುವ ನೆಪದಲ್ಲಿ ಕಾಣಿಸಿತು. ಅಷ್ಟರಮಟ್ಟಿಗೆ ನಿನ್ನಿಂದ ಉಪಕಾರವಾಗಿದೆ, ಇಲ್ಲ ಅನ್ನುವುದಿಲ್ಲ.

ಇವರು ಹೋದ ಮೇಲೆ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಅತ್ತೆಗೆ ಕಿವಿ ದೂರ. ಕೂಗಿ ಹೇಳಬಹುದಾದ ಮಾತೆಲ್ಲ ಅವರಿಗೆ, ಮೆಲ್ಲಗೆ ಹೇಳಬೇಕಾದದ್ದು ನಿನಗೆ. ಭಾನುವಾರ ಊಟವಾದ ಮೇಲೆ ಮಿಶನ್ನಿಗೆ ಬಟ್ಟೆ ಹೊದಿಸಿ, ಅದರ ಮೇಲೇ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೆ. ನೀನು ಮಾರುತ್ತರ ಬರೆದದ್ದು ಕಮ್ಮಿ. ಬರೆದಾಗಲೂ ಒಂದೇ ಮಾತು, ‘ಚೆನ್ನಾಗಿದೆ, ಇನ್ನೂ ಬರೆ.’ ಪಾಪ, ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ, ಕಣ್ಣು ಸೋತಿರುತ್ತದೆ ಎಂದು ನಾನೇ ನಿನ್ನ ಪರವಾಗಿ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಜನವರಿಯಲ್ಲಿ ಅತ್ತೆಯ ಹಲ್ಲು ತೋರಿಸಲು ಹೋಗಿದ್ದೆವು. ಡಾಕ್ಟರ ಕೋಣೆಯ ಹೊರಗೆ ಮೇಜಿನ ಮೇಲೆ ನಿಮ್ಮ ವಾರಪತ್ರಿಕೆ ಬಿದ್ದಿತ್ತು. ಅತ್ತೆಗೆ ಭಯ ಮರೆಸಲು ಒಂದು ಪುಟ ತೆಗೆದು ಜೋರಾಗಿ ಓದತೊಡಗಿದೆ. ಜೋರಾಗಿ ಓದಿದರೇ ಅವರಿಗೆ ಕೇಳುವುದು, ಅಲ್ಲಿದ್ದವರೆಲ್ಲ ಹಲ್ಲುನೋವು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ‘ನಮ್ಮ ಬೀದಿ’ ಎಂಬ ಅಂಕಣ. ನಾಲ್ಕು ಸಾಲು ಓದುವಷ್ಟರಲ್ಲಿ ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಯಾರದೋ ಬರಹ ಓದುತ್ತಿದ್ದೇನೆ, ಮುಂದಿನ ಸಾಲು ಕಣ್ಣಿಗೆ ಬೀಳುವ ಮುಂಚೆ ಬಾಯಿಗೆ ಬರುತ್ತಿದೆ. ಅತ್ತೆ ನನ್ನ ಮೊಣಕೈ ಹಿಡಿದು ಕೇಳಿದರು, “ನಾನು ಚಿಲಕಕ್ಕೆ ಮಲಗು ಅನ್ನೋದು ಇವರಿಗೆ ಹೇಗೆ ಗೊತ್ತಾಯ್ತೇ?”

ಪುಟದ ಮೇಲೆ ನಿನ್ನ ಫೋಟೊ ಇತ್ತು. ಚೆನ್ನಾಗಿ ಬಂದಿದೆ.

ಮಾರನೆಯ ದಿನ ಮಿಶನ್ನು ಮುಟ್ಟಲಿಲ್ಲ. ಗ್ರಂಥಾಲಯಕ್ಕೆ ಹೋದೆ. ಅಲ್ಲಿನ ಅಮ್ಮ ಹಳೇ ಸಂಚಿಕೆಗಳ ಕಟ್ಟು ಬಿಚ್ಚಿಕೊಟ್ಟರು. ಅರವತ್ತೆರಡು ವಾರ, ಅರವತ್ತೆರಡು ಲೇಖನ. ನನ್ನ ಬೇಕರಿ, ನನ್ನ ಬಿಸಿಲು, ನನ್ನ ಅತ್ತೆ ನಿನ್ನ ಅತ್ತೆಯಾಗಿ. ನಾನು ತಪ್ಪಾಗಿ ಬರೆಯುವ ಒತ್ತಕ್ಷರಗಳನ್ನು ಮಾತ್ರ ನೀನು ತಿದ್ದಿದ್ದೆ. ಮೂರು ಗಂಟೆ ಕೂತು ಓದಿದೆ. ನಿಜ ಹೇಳಲೇ? ಮೊದಲ ಅರ್ಧ ಗಂಟೆ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಿತ್ತು. ಅಚ್ಚಿನಲ್ಲಿ ನನ್ನ ಬೀದಿ ಎಷ್ಟು ಚೆಂದ ಕಾಣುತ್ತಿತ್ತು. ಅಲ್ಲಿಗೇ ಮುಗಿದಿದ್ದರೆ, ನೀನು ಒಂದು ಸಲ ಬಂದು ತಪ್ಪಾಯ್ತು ಕಣೇ ಅಂದಿದ್ದರೆ, ನಾನು ಒಂದೆರಡು ದಿನ ಮುಖ ಊದಿಸಿಕೊಂಡಿದ್ದು ಸುಮ್ಮನಾಗುತ್ತಿದ್ದೆನೇನೋ.

ಆದರೆ ಹಿಂದಿನ ವಾರದ ಸಂಚಿಕೆಯಲ್ಲಿ ಎದುರಂಗಡಿಯ ಗಡಿಯಾರದವರಿದ್ದರು.

ನಾನು ನಿನಗೆ ಏನು ಬರೆದಿದ್ದೆ, ನೆನಪು ಮಾಡಿಕೋ. ಅವರಿಗೆ ಕೈ ನಡುಗುವುದು ಶುರುವಾಗಿ ಎರಡು ವರ್ಷವಾಯಿತು, ಈಗ ರಿಪೇರಿ ಮಾಡುವುದೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತ ಅವರ ಹೆಂಡತಿ, ಗಿರಾಕಿಗಳಿಗೆ ಗೊತ್ತಾಗದಿರಲಿ ಎಂದು ಅವರು ಮುಂದೆ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತಿರುತ್ತಾರೆ, ಗಾಳಿಗೆ ಪರದೆ ಸರಿದಾಗ ನನ್ನ ಕಿಟಕಿಯಿಂದ ಕಂಡಿತು ಎಂದು ಬರೆದಿದ್ದೆ. ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ಆಕೆ ರಿಪೇರಿ ಮುಗಿಸಿದ ಪ್ರತಿ ಗಡಿಯಾರವನ್ನೂ ತಂದು ಅವರ ಕಿವಿಗೆ ಹಿಡಿಯುತ್ತಾಳೆ, ಅವರು ಕಣ್ಣು ಮುಚ್ಚಿ ಕೇಳಿ, ಸರಿಯಿದೆ ಎಂದರಷ್ಟೇ ಅದು ಗಿರಾಕಿಗೆ ಹೋಗುತ್ತದೆ, ಕೈ ಹೋದರೂ ಕಿವಿ ಹೋಗಿಲ್ಲ ಎಂದೂ ಬರೆದಿದ್ದೆ. ಅದನ್ನು ಬರೆಯುವಾಗ ನನಗೆ ನಮ್ಮ ಮನೆಯವರ ನೆನಪಾಗಿ ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟಿದ್ದೆ.

ನೀನು ಆ ಕಿವಿಯ ಸಾಲು ತೆಗೆದೆ. ಮಸೂರ ಉಳಿಸಿಕೊಂಡೆ. ‘ದಿನವೂ ಹತ್ತರಿಂದ ಎಂಟರವರೆಗೆ ಪ್ರದರ್ಶನ’ ಎಂದು ಸೇರಿಸಿದೆ. ಓದಿದವರು ನಕ್ಕಿರಬೇಕು. ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕೂತಿದ್ದರೆ ನಾನೂ ನಗುತ್ತಿದ್ದೆನೋ ಏನೋ.

ನಮ್ಮ ಬೀದಿಯವರು ಅಷ್ಟೆಲ್ಲ ಓದುವವರಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು ಮನೆಗೆ ಬಂದೆ. ನಾಲ್ಕನೆಯ ದಿನ ಬಸ್ಸಿನಿಂದಿಳಿದ ಒಬ್ಬರು ಅವರ ಅಂಗಡಿಗೆ ಬಗ್ಗಿ, ಒಳಗಿರೋ ರಿಪೇರಿ ಅಮ್ಮನ್ನ ಕರೀರಿ, ಅವರ ಕೈಗೇ ಕೊಡ್ತೀನಿ ಎಂದರಂತೆ. ತಮಾಷೆಗೆ. ಇನ್ನೊಬ್ಬರು ತಮ್ಮ ತಂದೆಯ ಕಾಲದ ಗಡಿಯಾರವನ್ನು ವಾಪಸು ತೆಗೆದುಕೊಂಡು ಹೋದರು. ಗಡಿಯಾರದವರು ಎರಡು ದಿನ ಎಂದಿನಂತೆ ಬಂದು ಕೂತರು. ಮೂರನೆಯ ದಿನ ಮಸೂರ ಬಿಚ್ಚಿ ಡಬ್ಬಿಯಲ್ಲಿಟ್ಟರು. ಮೂವತ್ತೆಂಟು ವರ್ಷ ಕೂತ ಕುರ್ಚಿಯಿಂದ ಎದ್ದು ಒಳಗೆ ಹೋದವರು ಮತ್ತೆ ಬರಲಿಲ್ಲ. ಅಂಗಡಿಯ ಶಟರ್ ಹನ್ನೆರಡು ದಿನ ಮೇಲೇಳಲಿಲ್ಲ.

ಅಂಗಡಿ ಮುಚ್ಚಿದ ಐದನೆಯ ದಿನವೋ ಆರನೆಯ ದಿನವೋ ಅವರ ಹೆಂಡತಿ ನಮ್ಮ ಮನೆಗೆ ಬಂದಳು. ಕೈಯಲ್ಲಿ ಕತ್ತರಿಸಿದ ಪುಟ. ನಾನು ಸ್ಕೂಲ್ ಯೂನಿಫಾರಂಗೆ ಜೇಬು ಹಚ್ಚುತ್ತಿದ್ದೆ. ಕೂತುಕೊಳ್ಳಿ ಅಂದೆ, ಕೂರಲಿಲ್ಲ. ನಿಂತೇ ಕೇಳಿದಳು, “ಅಕ್ಕ, ಇದು ಬರೆದೋರು ಯಾರು ಅಂತ ನಿಮಗೇನಾದ್ರೂ ಗೊತ್ತಾ?”

ಮಿಶನ್ನಿನ ಪೆಡಲಿನ ಮೇಲಿದ್ದ ಕಾಲು ತೆಗೆಯಲಿಲ್ಲ. ಗೊತ್ತಿಲ್ಲ ಎಂದೆ. ಊರು ಅಂದಮೇಲೆ ಇಂಥ ಎಷ್ಟು ಅಂಗಡಿ ಇರುತ್ತವೋ, ನಿಮ್ಮದೇ ಅಂತ ಯಾಕೆ ಅಂದುಕೊಳ್ಳುತ್ತೀರಿ ಎಂದೂ ಹೇಳಿದೆ. ಆಕೆ ಪುಟವನ್ನು ನಾಲ್ಕು ಮಡಿಕೆ ಮಾಡಿ, ಸರಿ ಅಕ್ಕ ಎಂದು ಹೋದಳು. ಜೇಬು ತಲೆಕೆಳಗಾಗಿ ಕೂತಿತ್ತು. ಬಿಚ್ಚಿ ಮತ್ತೆ ಹೊಲಿದೆ.

ಇಷ್ಟಾದ ಮೇಲೆ ನಿನಗೆ ಫೋನ್ ಮಾಡಿದ್ದು. ಬೈಯಬೇಕು ಎಂದು ಮಾಡಿದ್ದಲ್ಲ. ಒಂದು ಸಲ ಬಾ, ಅವರೆದುರು ನಿಂತು ಒಂದು ಮಾತು ಹೇಳು ಎಂದು ಕೇಳಲು ಮಾಡಿದ್ದು. ನೀನಂದೆ, “ಯಾರ ಹೆಸರೂ ಹಾಕಿಲ್ವಲ್ಲೇ. ನಿನ್ನ ಬೀದೀನ ಸಾವಿರಾರು ಜನ ಇಷ್ಟಪಡೋ ಹಾಗೆ ಮಾಡಿದೀನಿ, ಅದು ಕಾಣಲ್ವಾ ನಿನಗೆ?” ನಾನು ನನ್ನ ಕಾಗದಗಳ ಬಗ್ಗೆ ಕೇಳಿದರೆ, ‘ನೀನು ಕೊಟ್ಟದ್ದು ನನಗೇ ತಾನೇ’ ಎಂದೆ. ಹೌದು, ನಿನಗೇ ಕೊಟ್ಟದ್ದು. ಅದೇ ನಾನೂ ಹೇಳುತ್ತಿರುವುದು.

ಆ ‘ಸಾವಿರಾರು ಜನ’ಕ್ಕೆ ನಮ್ಮ ಬೀದಿ ಇಷ್ಟವಾಗಿರಬಹುದು. ನನಗೆ ಈಗ ಕಿಟಕಿ ಬಳಿ ಕೂರಲು ಆಗುತ್ತಿಲ್ಲ. ಮಿಶನ್ನನ್ನು ಗೋಡೆ ಕಡೆಗೆ ತಿರುಗಿಸಿಕೊಂಡಿದ್ದೇನೆ. ಬೆಳಕು ಸಾಲದು, ದಾರ ಪೋಣಿಸಲು ಹತ್ತು ಸಲ ತಡಕಾಡಬೇಕು. ಬೇಕರಿಯವನ ಶಟರ್ ಕೇಳಿಸಿದರೆ ಮೊದಲಿನ ಹಾಗೆ ನಗು ಬರುವುದಿಲ್ಲ, ಇದನ್ನೂ ನೀನು ಬರೆದಿದ್ದೀಯಲ್ಲ ಎನ್ನಿಸುತ್ತದೆ. ನೀನು ನನ್ನಿಂದ ಬರೀ ಕಾಗದ ತೆಗೆದುಕೊಂಡಿದ್ದರೆ ಇನ್ನೊಂದು ಬರೆಯಬಹುದಿತ್ತು. ನೋಡುವ ಸುಖವನ್ನೇ ಕೊಂಡುಹೋದೆ.

ಹದಿಮೂರನೆಯ ದಿನ ಗಡಿಯಾರದಂಗಡಿ ತೆರೆಯಿತು. ಶಟರ್ ಎತ್ತಿದ್ದು ಆಕೆ. ಗಂಡನ ಕುರ್ಚಿಯ ಧೂಳು ಒರೆಸಿ, ಮುಂದೆಯೇ ಕೂತು, ಎಲ್ಲರಿಗೂ ಕಾಣುವಂತೆ ಒಂದು ಗೋಡೆ ಗಡಿಯಾರ ಬಿಚ್ಚಿದಳು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಆಕೆ ತಲೆ ಎತ್ತಲಿಲ್ಲ. ಗಿರಾಕಿಗಳು ಈಗ ಒಬ್ಬೊಬ್ಬರೇ ಬರುತ್ತಿದ್ದಾರೆ, ಗಡಿಯಾರದವರು ಮಾತ್ರ ಹೊರಗೆ ಬರುವುದಿಲ್ಲ. ಇದನ್ನು ನೀನು ಒಳ್ಳೆಯ ಮುಕ್ತಾಯ ಎಂದುಕೊಳ್ಳುತ್ತೀಯ, ನನಗೆ ಗೊತ್ತು. ಬರೆಯಬೇಡ. ಆಕೆ ಕುರ್ಚಿಯನ್ನು ಹಾಕಿಕೊಂಡಿರುವುದು ನಮ್ಮ ಮನೆಗೆ ಬೆನ್ನು ಮಾಡಿ.

ನನ್ನ ಕಾಗದಗಳನ್ನೆಲ್ಲ ವಾಪಸು ಕಳಿಸು. ನೂರಾ ತೊಂಬತ್ತರ ಮೇಲಿರಬೇಕು. ಅಚ್ಚಾಗದೆ ಉಳಿದವುಗಳಲ್ಲಿ ಇನ್ನೂ ಯಾರ್ಯಾರ ಮನೆಯೊಳಗಿನ ಮಾತಿದೆಯೋ ನನಗೇ ನೆನಪಿಲ್ಲ.

ಇವತ್ತು ಬೆಳಿಗ್ಗೆ ನಮ್ಮ ಬೀದಿಯಲ್ಲಿ ಒಂದು ಸಂಗತಿ ಆಯಿತು. ಸಣ್ಣದು, ಆದರೆ ಅತ್ತೆಯೂ ನಾನೂ ಎಷ್ಟೋ ದಿನದ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅದೇನೆಂದು ನಿನಗೆ ಹೇಳುವುದಿಲ್ಲ.

ಒಂದು ಕಾಲಕ್ಕೆ ನಿನ್ನ ಪಕ್ಕ ಕೂರುತ್ತಿದ್ದ,
ಗುಂಡುಸೂಜಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಪರದೆ ಗಾಳಿಗೆ ಸರಿದಾಗ ಕಂಡಿತು ಎಂದು ನಿನಗೆ ಬರೆದದ್ದು ಸುಳ್ಳು, ಈ ಕಾಗದದಲ್ಲೂ ಅದನ್ನೇ ಬರೆದೆ. ನನ್ನ ಕಿಟಕಿಯಿಂದ ಆ ಹಿಂದಿನ ಕೋಣೆ ಕಾಣುವುದೇ ಇಲ್ಲ. ಹೋದ ವರ್ಷ ಆಕೆಯೇ ನನ್ನೆದುರು ಕೂತು ಅತ್ತು ಹೇಳಿಕೊಂಡದ್ದು. ಯಾರಿಗೂ ಬೇಡ ಅಕ್ಕ ಎಂದಿದ್ದಳು, ನಾನು ಅವಳ ಕೈ ಹಿಡಿದು ಆಯಿತು ಎಂದಿದ್ದೆ. ಬಂದ ಭಾನುವಾರವೇ ನಿನಗೆ ಬರೆದೆ.

ಲಕೋಟೆ ಅಂಟಿಸುವ ಮುಂಚೆ ಬೀದಿ ದಾಟಿ ಹೋಗಿ ಹೇಳಿ ಬಂದೆ. ಆಕೆ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಡಲಿಲ್ಲ. “ಅವತ್ತು ನಾನು ಕೇಳಿದ್ದು ತಿಳ್ಕೊಳ್ಳೋಕಲ್ಲ ಅಕ್ಕ,” ಅಂದಳು. “ನೀವಾಗೇ ಹೇಳ್ಲಿ ಅಂತ.”