ಡಿಕ್ಕಿಯಲ್ಲಿದ್ದ ನೀರಿನ ಕ್ಯಾನ್

ಪೂಜ್ಯ ಮಾವನವರಿಗೆ ಸೊಸೆಯ ನಮಸ್ಕಾರಗಳು.

ನಾವೂ ಕ್ಷೇಮ, ನಿಮ್ಮ ಹಳೇ ಕಾರೂ ಕ್ಷೇಮ.

ಅದರ ಸವೆದ ಎಂಜಿನ್ ಇಳಿಸಿ ಬೇರೆಯದನ್ನು ಕೂರಿಸಿದಾಗ ಬೆಲ್ಟಿನ ಫ್ಯಾನಿಗೆ ಜಾಗ ಸಾಲದೆ, ರೇಡಿಯೇಟರಿಗೆ ಎರಡು ಕರೆಂಟ್ ಫ್ಯಾನ್ ಹಾಕಿದೆನಲ್ಲ, ಆಗಲೇ ನೀವು ಮುಖ ತಿರುಗಿಸಿದಿರಿ. ನಾನು ತಂತಿ ಅದಲುಬದಲು ಮಾಡಿ ಫ್ಯಾನ್ ಉಲ್ಟಾ ತಿರುಗಿದಾಗ, ಜಾಲರಿಗೆ ಹಿಡಿದಿದ್ದ ಪೇಪರ್ ಅಂಟಿಕೊಳ್ಳದೆ ಹಾರಿಹೋದದ್ದು ನೋಡಿ, “ಇದು ಎಂಜಿನ್ನಿಗಲ್ಲ, ರಸ್ತೆಗೆ ಗಾಳಿ ಹಾಕ್ತಿದೆ ಕಣಮ್ಮ” ಎಂದಿರಿ. ತಂತಿ ಸರಿಮಾಡಿದರೂ ನಂಬಲಿಲ್ಲ. ಮುನಿಸಿಕೊಂಡು ಭಾವನವರ ಮನೆಗೆ ಹೊರಡುವಾಗ ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇಟ್ಟು, “ರೈಲ್ವೆ ಗೇಟ್ ಹತ್ರ ಎಂಜಿನ್ ಕುದ್ದಾಗ ಬೇಕಾಗುತ್ತೆ, ನೋಡ್ತಿರು” ಎಂದಿರಿ.

ನಿನ್ನೆ ಉರಿಬಿಸಿಲಲ್ಲಿ ಅದೇ ಗೇಟ್ ಬಿತ್ತು. ಬೇಕೆಂದೇ ಎಂಜಿನ್ ಆರಿಸದೆ ಕೂತೆ. ಮೀಟರಿನಲ್ಲಿ ಶಾಖದ ಮುಳ್ಳು ಏರತೊಡಗಿತು. ಅಷ್ಟರಲ್ಲಿ ಟಕ್ ಎಂದು ಫ್ಯಾನಿನ ರಿಲೇ ಸ್ವಿಚ್ ಬಡಿದು ಮೊದಲ ಫ್ಯಾನ್ ತಿರುಗಿತು. ಅದೂ ಸಾಲದಾದಾಗ ಎರಡನೆಯದು ತಾನಾಗಿಯೇ ಜೊತೆಗೂಡಿತು. ಮುಳ್ಳು ಬಾಲ ಮುದುರಿಕೊಂಡು ನಡುವಿಗೆ ಇಳಿಯಿತು. ಎರಡು ರೈಲು ಹೋದರೂ ಮುಳ್ಳು ಅಲ್ಲಿಂದ ಕದಲಲಿಲ್ಲ ಮಾವ! ಪಕ್ಕದಲ್ಲಿ ಕೂತಿದ್ದ ನಿಮ್ಮ ಮಗ ಕೈಚಾಚಿ ಹಾರ್ನ್ ಒತ್ತಿ ಕೇಕೆ ಹಾಕಿದರು.

ಭಾನುವಾರ ಬಂದುಬಿಡಿ. ಸ್ಟೇಷನ್ನಿಗೆ ಕಾರು ತರುತ್ತೇನೆ. ಮನೆವರೆಗೆ ಸ್ಟೀರಿಂಗ್ ನೀವೇ ಹಿಡಿಯಬೇಕು. ಕೀ ತೆಗೆದ ಮೇಲೂ ಎಂಜಿನ್ ತಣಿಸಲು ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದೆ. ದಯವಿಟ್ಟು ಬ್ಯಾಟರಿ ತಂತಿ ಕೀಳಬೇಡಿ.

ಇಂತಿ,
ನಿಮ್ಮ ಹಟಮಾರಿ ಸೊಸೆ

ತಾ.ಕ.: ನಿಮ್ಮ ಕ್ಯಾನ್ ಖಾಲಿಯಾಗಿದೆ. ನೀವು ಹೇಳಿದಂತೆಯೇ ಗೇಟಿನ ಹತ್ತಿರ ನೀರು ಬೇಕಾಯಿತು. ಪಕ್ಕದ ಹೊಚ್ಚಹೊಸ ಕಾರು ಕುದಿದು ನಿಂತಿತ್ತು, ಪಾಪ.